ಭೂಮಿ ಕೆಡವುವ ಕಥೆಗೆ ನಗು ಬರುವುದೇಕೆ?

ಓದುಗರ ಪ್ರಶ್ನೆ: ಬಾಹ್ಯಾಕಾಶದ ಹಾಸ್ಯ ಕಾದಂಬರಿಗಳಲ್ಲಿ ಮನುಷ್ಯನಿಗೆ ಇರುವೆಯಷ್ಟೂ ಬೆಲೆಯಿಲ್ಲ. ಅದನ್ನು ಓದಿ ನಗುವುದು ಸರಿಯೇ?

ಬೇರೆ ಬೇರೆ ಮಾತುಗಳಲ್ಲಿ ಹಲವರು ಇದನ್ನೇ ಕೇಳಿದ್ದಾರೆ. ಧಾರಾಳವಾಗಿ ನಗಬಹುದು ಎಂಬುದು ನನ್ನ ಉತ್ತರ. ಯಾರನ್ನು ಕುರಿತು ನಗುತ್ತಿದ್ದೇವೆ ಎಂಬುದನ್ನು ಮಾತ್ರ ಗಮನಿಸಬೇಕು.

ಈ ಬಗೆಯಲ್ಲಿ ದೊಡ್ಡ ಹೆಸರು ಡಗ್ಲಸ್ ಆಡಮ್ಸ್ ಬರೆದ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’. 1978ರಲ್ಲಿ ಬಿಬಿಸಿಯ ರೇಡಿಯೋ ನಾಟಕವಾಗಿ ಬಂದು, ಮರುವರ್ಷ ಪುಸ್ತಕವಾಯಿತು. ಆರ್ಥರ್ ಡೆಂಟ್ ಎಂಬವನ ಮನೆಯನ್ನು ಬೈಪಾಸ್ ರಸ್ತೆಗಾಗಿ ಕೆಡವಲು ಬುಲ್ಡೋಜರ್ ಬಂದು ನಿಂತಿದೆ. ಅವನು ಅದರ ಮುಂದೆ ಕೆಸರಿನಲ್ಲಿ ಅಡ್ಡ ಮಲಗುತ್ತಾನೆ. ನಕ್ಷೆಯನ್ನು ಎಲ್ಲರೂ ನೋಡಲೆಂದೇ ಇಟ್ಟಿದ್ದೆವಲ್ಲ ಎನ್ನುತ್ತಾನೆ ಅಧಿಕಾರಿ. ಇಟ್ಟದ್ದು ನೆಲಮಾಳಿಗೆಯಲ್ಲಿ, ಬಳಕೆಯಿಲ್ಲದ ಶೌಚಾಲಯದೊಳಗೆ, ಬೀಗ ಹಾಕಿದ ಬೀರುವಿನ ತಳದಲ್ಲಿ. ಬಾಗಿಲಿಗೆ ಚಿರತೆ ಇದೆ ಎಂಬ ಎಚ್ಚರಿಕೆ ಬೇರೆ. ಅದೇ ದಿನ ಅನ್ಯಗ್ರಹದವರ ಹಡಗುಗಳು ಬಂದು, ಬಾಹ್ಯಾಕಾಶದ ಬೈಪಾಸಿಗಾಗಿ ಭೂಮಿಯನ್ನೇ ಕೆಡವುತ್ತೇವೆ ಎಂದು ಸಾರುತ್ತವೆ. ನಕ್ಷೆ ಐವತ್ತು ವರ್ಷಗಳಿಂದ ಆಲ್ಫಾ ಸೆಂಟಾರಿಯ ಕಚೇರಿಯಲ್ಲಿತ್ತು, ನೀವು ಹೋಗಿ ನೋಡಬೇಕಿತ್ತು ಎಂಬುದು ಅವರ ವಾದ.

ಆ ಕಚೇರಿ ಇರುವ ದಿಕ್ಕನ್ನು ನಮ್ಮ ಕರಾವಳಿಯಿಂದಲೇ ನೋಡಬಹುದು. ಮೇ ತಿಂಗಳ ನಡುವೆ, ಮೋಡವಿಲ್ಲದ ರಾತ್ರಿ ಹನ್ನೊಂದೂವರೆಗೆ ಗೋಕರ್ಣದ ಮರಳಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ, ಕೈ ಚಾಚಿ ಮುಷ್ಟಿ ಹಿಡಿಯಿರಿ. ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಎರಡು ನಕ್ಷತ್ರಗಳು ಅಕ್ಕಪಕ್ಕ ಹೊಳೆಯುತ್ತವೆ. ಎಡಗಡೆಯ, ಹೆಚ್ಚು ಪ್ರಖರವಾದದ್ದು ಆಲ್ಫಾ ಸೆಂಟಾರಿ. ಅಲ್ಲಿಂದ ಹೊರಟ ಬೆಳಕು ನಿಮ್ಮ ಕಣ್ಣು ಮುಟ್ಟಲು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬೇಕು. 1977ರಲ್ಲಿ ಹಾರಿದ ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಅಷ್ಟು ದೂರ ಕ್ರಮಿಸಲು ಅದಕ್ಕೂ 70 ಸಾವಿರ ವರ್ಷ ಸಾಲದು. ಆಕ್ಷೇಪಣೆ ಸಲ್ಲಿಸಬೇಕಾದ ಜಾಗ ಅದು!

ವಿಶ್ವ ದೊಡ್ಡದು, ನಾವು ಸಣ್ಣವರು ಎಂಬುದು ಖಗೋಳದ ಲೆಕ್ಕ. ಅದರಲ್ಲಿ ಅವಮಾನವೇನೂ ಇಲ್ಲ. ಅವಮಾನವಿರುವುದು ‘ನೀವು ಹೋಗಿ ನೋಡಬೇಕಿತ್ತು’ ಎಂಬ ಮಾತಿನಲ್ಲಿ. ಮನೆ ಕೆಡವುವವನೂ ಗ್ರಹ ಕೆಡವುವವನೂ ಒಂದೇ ದನಿಯಲ್ಲಿ ಆ ಮಾತನ್ನು ಆಡುತ್ತಾರೆ, ನಗು ಹುಟ್ಟುವುದು ಅಲ್ಲಿಯೇ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ದೂತನ ವೇಷದ ಹಾಸ್ಯಗಾರ ರಾಜನೆದುರು ತಡವರಿಸುವಾಗ ಕರಗಿಹೋಗುವುದು ರಾಜನ ಗತ್ತು.

ನೌಕಾನೆಲೆಗೆ, ಹೆದ್ದಾರಿಗೆ ನೆಲ ಬಿಟ್ಟುಕೊಟ್ಟವರು ಕಾರವಾರ, ಅಂಕೋಲಾದ ಕಡೆ ಬಹಳ ಮಂದಿ ಇದ್ದಾರೆ. ಹಾಗಾಗಿ ಈ ಕಥೆ ನಮಗೆ ಬೇಗ ನಾಟುತ್ತದೆ. ನನ್ನ ಚಿಕ್ಕಮ್ಮನ ಅಂಗಳದ ತುಳಸಿಕಟ್ಟೆಯ ಮೇಲೆ ಅಳತೆಗೆ ಬಂದವರು ಕೆಂಪು ಬಣ್ಣದ ಗೀಟು ಎಳೆದು ಹೋಗಿದ್ದರು. ಆ ವರ್ಷ ತುಳಸಿ ಮದುವೆಗೆಂದು ಕಟ್ಟೆಗೆ ಸುಣ್ಣ ಬಳಿಯುವಾಗ ಚಿಕ್ಕಮ್ಮ ಗೀಟಿನ ಅಂಚಿನವರೆಗೆ ಮಾತ್ರ ಕುಂಚ ತಂದು, ಅದನ್ನು ಹಾಗೆಯೇ ಉಳಿಸಿದರು. ಅಳಿಸಿದರೆ ತಪ್ಪಾದೀತೆಂಬ ಭಯ.

ಅವರಿಗೆ ಒಮ್ಮೆ ಈ ಕಥೆ ಹೇಳಿದೆ. ಆಲ್ಫಾ ಸೆಂಟಾರಿಯ ಕಚೇರಿ ಬಂದಾಗ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗು ನಿಂತ ಮೇಲೆ ಕೇಳಿದರು: ‘ಭೂಮಿ ಹೋಯಿತು, ಸರಿ. ಆ ಹುಡುಗನ ಮನೆಗೆ ಪರಿಹಾರ ಬಂತೇ?’