ಪಾದ ಹಿಡಿದರೆ ಗೊತ್ತಾಗುವ ವ್ಯತ್ಯಾಸ

ಜ್ವರ, ಮೈತುಂಬ ಬೆವರು, ಬಿಗಿದ ಕೈಕಾಲು, ತಲೆಬುಡವಿಲ್ಲದ ಮಾತು. ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುವವರಲ್ಲಿ ಇವೆಲ್ಲ ಒಟ್ಟಿಗೆ ಕಂಡರೆ ಹಳೇ ಕಾಯಿಲೆ ಕೆರಳಿತು ಅಂತಲೋ, ಗಾಳಿ ಸೋಕಿತು ಅಂತಲೋ ಅಂದುಕೊಂಡು ಸುಮ್ನೆ ಕೂರಬೇಡಿ. ತಾಯತ ಕಟ್ಟಿಸುವ ಹೊತ್ತಲ್ಲ ಇದು. ಔಷಧಿಯಿಂದಲೇ ಹೀಗಾಗಿರಬಹುದು, ಜೀವಕ್ಕೇ ಅಪಾಯ.

ನರಗಳ ನಡುವೆ ಸುದ್ದಿ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕ ಅತಿಯಾದರೆ ಸೆರೊಟೋನಿನ್ ಸಿಂಡ್ರೋಮ್. ಹ್ಯಾಲೊಪೆರಿಡಾಲ್‌ನಂಥ ಮಾನಸಿಕ ಕಾಯಿಲೆಯ ಔಷಧಿ ಅಂಥದ್ದೇ ಇನ್ನೊಂದು ರಾಸಾಯನಿಕ ಡೋಪಮಿನ್‌ಗೆ ಅಡ್ಡ ನಿಂತಾಗ ಬರಬಹುದಾದದ್ದು ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್, ಚಿಕ್ಕದಾಗಿ ಎನ್‌ಎಂಎಸ್. ಮೇಲ್ನೋಟಕ್ಕೆ ಎರಡೂ ಒಂದೇ ಥರ. ಬೇರೆ ಮಾಡಿ ತೋರಿಸುವುದು ಪಾದ.

ರೋಗಿಯ ಮೊಣಕಾಲು ಸ್ವಲ್ಪ ಮಡಿಸಿ, ಪಾದವನ್ನು ತಟ್ಟನೆ ಮೇಲಕ್ಕೊತ್ತಿ ಹಾಗೇ ಹಿಡಿಯುತ್ತಾರೆ. ಮೀನಖಂಡ ಎಳೆದುಕೊಳ್ಳುತ್ತದೆ, ಆ ಸುದ್ದಿ ಬೆನ್ನುಹುರಿಗೆ ಹೋಗುತ್ತದೆ, ಸ್ನಾಯು ಕುಗ್ಗು ಅಂತ ಅಲ್ಲಿಂದ ಅಪ್ಪಣೆ ಬರುತ್ತದೆ. ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಸೆರೊಟೋನಿನ್ ಹೆಚ್ಚಾಗಿ ಕೆರಳಿದ ಬೆನ್ನುಹುರಿ ಮಾತ್ರ ಬಿಡುವುದಿಲ್ಲ: ಕುಗ್ಗಿದ ಸ್ನಾಯು ಸಡಿಲವಾಗುತ್ತಲೇ ಒತ್ತಿ ಹಿಡಿದ ಕೈಯಿಂದ ಮತ್ತೆ ಎಳೆತ, ಮತ್ತೆ ಅಪ್ಪಣೆ, ಮತ್ತೆ ಕುಗ್ಗು, ಹೀಗೆ ಪಾದ ಹೊಲಿಗೆ ಮಷಿನ್ನಿನ ಪೆಡಲಿನಂತೆ ಟಕಟಕ ಬಡಿಯುತ್ತದೆ. ಇದೇ ಕ್ಲೋನಸ್. 2003ರಲ್ಲಿ ಬಂದ ಸೆರೊಟೋನಿನ್ ಸಿಂಡ್ರೋಮ್ ಗುರುತಿಸುವ ಆಸ್ಟ್ರೇಲಿಯಾದ ಹಂಟರ್ ಮಾನದಂಡದ ಜೀವಾಳವೇ ಇದು. ಸ್ಕ್ಯಾನ್ ಬೇಡ, ಎರಡು ಕೈ ಸಾಕು, ಎಂಥ ಚೆಂದದ ಪರೀಕ್ಷೆ ಅಲ್ವಾ! ಬಿಗಿತ ತೀರಾ ಹೆಚ್ಚಾದರೆ ಮಾತ್ರ ಕ್ಲೋನಸ್ ಮರೆಯಾಗಬಹುದು.

ಎನ್‌ಎಂಎಸ್‌ನಲ್ಲಿ ಈ ಬಡಿತ ಇರುವುದಿಲ್ಲ. ಕೈ ಮಡಿಸಲು ಹೋದರೆ ಮೊದಲಿಂದ ಕೊನೆವರೆಗೂ ಒಂದೇ ಸಮ ಬಿಗಿ. ರೋಗಿ ಚಡಪಡಿಸುವುದಕ್ಕಿಂತ ಮಾತಿಲ್ಲದೆ ಮರಗಟ್ಟಿರುವುದೇ ಜಾಸ್ತಿ. ಅತ್ತ ಸೆರೊಟೋನಿನ್‌ನಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತದೆ, ಭೇದಿಯೂ ಆಗಬಹುದು. ಅದು ಔಷಧಿ ಬದಲಾದ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ, ಎನ್‌ಎಂಎಸ್‌ ಬೆಳೆಯಲು ದಿನಗಟ್ಟಲೆ ಬೇಕು.

1984ರಲ್ಲಿ ನ್ಯೂಯಾರ್ಕಿನ ಲಿಬ್ಬಿ ಜಿಯಾನ್ ಎಂಬ 18ರ ಹುಡುಗಿ ಖಿನ್ನತೆಗೆ ಫೆನೆಲ್ಜಿನ್ ತಗೊಳ್ಳುತ್ತಿದ್ದಳು. ಜ್ವರವೆಂದು ಆಸ್ಪತ್ರೆ ಸೇರಿದವಳಿಗೆ ಪೆಥಿಡಿನ್ ಎಂಬ ನೋವಿನ ಔಷಧಿ ಕೊಟ್ಟರು, ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಈ ಎರಡು ಔಷಧಿ ಕೂಡಿ ಸೆರೊಟೋನಿನ್ ಸಿಂಡ್ರೋಮ್ ಆದದ್ದೇ ಕಾರಣ ಅಂತ ಹಲವರು ನಂಬುತ್ತಾರೆ. ಅವಳ ಸಾವಿನ ನಂತರವೇ ಅಲ್ಲಿ ಕಿರಿಯ ವೈದ್ಯರ ದುಡಿಮೆಗೆ ವಾರಕ್ಕೆ 80 ಗಂಟೆಯ ಮಿತಿ ಬಂತು.

ನೋವಿಗೆ ಕೊಡುವ ಟ್ರಮಡಾಲ್, ಕೆಮ್ಮಿನ ಸಿರಪ್ಪಿನ ಡೆಕ್ಸ್‌ಟ್ರೊಮೆಥಾರ್ಫನ್ ಕೂಡ ಖಿನ್ನತೆಯ ಮಾತ್ರೆ ಜತೆ ಸೇರಿದರೆ ಇದೇ ತೊಂದರೆ ತರಬಹುದು. ಹಾಗಾಗಿ ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯ ಸ್ಟ್ರಿಪ್ಪನ್ನೂ ಆಸ್ಪತ್ರೆಗೆ ಒಯ್ಯಿರಿ. ಎರಡರಲ್ಲೂ ಮೊದಲ ಚಿಕಿತ್ಸೆ ಕಾರಣವಾದ ಔಷಧಿ ನಿಲ್ಲಿಸುವುದೇ, ಆಮೇಲೆ ದಾರಿ ಬೇರೆ: ಸೆರೊಟೋನಿನ್‌ಗೆ ಸೈಪ್ರೊಹೆಪ್ಟಡಿನ್, ಹೌದು, ಮಕ್ಕಳಿಗೆ ಹಸಿವಾಗಲಿ ಅಂತ ಕೊಡುವ ಅದೇ ಔಷಧಿ, ಎನ್‌ಎಂಎಸ್‌ಗೆ ಬ್ರೊಮೊಕ್ರಿಪ್ಟಿನ್. ಗುರುತು ತಪ್ಪಿ ಸೆರೊಟೋನಿನ್ ರೋಗಿಗೆ ಬ್ರೊಮೊಕ್ರಿಪ್ಟಿನ್ ಕೊಟ್ಟರೆ ಕಾಯಿಲೆ ಉಲ್ಬಣಿಸಬಹುದು.