ಪದ ಪರಿಚಯ: ಟಾರ್ಗೆಟೆಡ್ ಸ್ಯಾಂಕ್ಷನ್

ಯುದ್ಧದಲ್ಲಿ ಜನರನ್ನು ಕೊಲ್ಲಿಸಿದ ನಾಯಕನೊಬ್ಬನ ಮೇಲೆ ವಿಶ್ವಸಂಸ್ಥೆ ನಿರ್ಬಂಧ ಹೇರಿತು ಎಂದು ಪೇಪರಿನಲ್ಲಿ ಬರುತ್ತದೆ. ಓದಿದವರು 'ಸದ್ಯ, ಶಿಕ್ಷೆ ಆಯ್ತಲ್ಲ' ಅಂದುಕೊಳ್ಳುತ್ತಾರೆ. ಶಿಕ್ಷೆ ಆಗಿರುವುದಿಲ್ಲ. ಅವನ ಕೈ ಕಟ್ಟುವ ಪ್ರಯತ್ನ ಶುರುವಾಗಿರುತ್ತದೆ, ಅಷ್ಟೇ.

ಮೊದಲೆಲ್ಲ ನಿರ್ಬಂಧ ಎಂದರೆ ಇಡೀ ದೇಶದ ವ್ಯಾಪಾರಕ್ಕೇ ತಡೆ. 1990ರಲ್ಲಿ ಕುವೈತ್ ಮೇಲೆ ದಾಳಿ ಮಾಡಿದ ಇರಾಕಿಗೆ ಭದ್ರತಾ ಮಂಡಳಿ ಹಾಗೇ ಮಾಡಿತು. ಸದ್ದಾಂ ಹುಸೇನ್ ಗದ್ದುಗೆ ಅಲುಗಲಿಲ್ಲ. ಊಟಕ್ಕೆ, ಔಷಧಿಗೆ ಪರದಾಡಿದ್ದು ಬಡವರು. ಅಲ್ಲಿ ವಿಶ್ವಸಂಸ್ಥೆಯ ನೆರವಿನ ಕೆಲಸ ನೋಡಿಕೊಳ್ಳುತ್ತಿದ್ದ ಡೆನಿಸ್ ಹ್ಯಾಲಿಡೇ ಅವರೇ ಇದನ್ನು ವಿರೋಧಿಸಿ 1998ರಲ್ಲಿ ರಾಜೀನಾಮೆ ಕೊಟ್ಟರು. ದೇಶವನ್ನು ಬಿಟ್ಟು ತಪ್ಪು ಮಾಡಿದವರನ್ನಷ್ಟೇ ಹೆಸರು ಹಿಡಿದು ತಡೆಯುವ ದಾರಿಗೆ ಜೋರು ಸಿಕ್ಕಿದ್ದು ಆ ಹೊತ್ತಿನಲ್ಲೇ. ಅದೇ ಟಾರ್ಗೆಟೆಡ್ ಸ್ಯಾಂಕ್ಷನ್. ಪಟ್ಟಿಯಲ್ಲಿ ಹೆಸರು ಬಂದರೆ ಬ್ಯಾಂಕ್ ಖಾತೆ ಫ್ರೀಜ್ ಆಗುತ್ತದೆ, ವಿದೇಶ ಪ್ರಯಾಣ ನಿಲ್ಲುತ್ತದೆ. ನಮ್ಮ ಬ್ಯಾಂಕುಗಳು ಕೂಡ ಭಯೋತ್ಪಾದನೆಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಪಟ್ಟಿಗಳಲ್ಲಿ ಗ್ರಾಹಕರ ಹೆಸರಿದೆಯೇ ಎಂದು ನೋಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ.

ಇದು ಎಷ್ಟು ದೂರ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದು ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದ ಅಂದಿನ ಅಧ್ಯಕ್ಷ ಚಾರ್ಲ್ಸ್ ಟೇಲರ್ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಪಕ್ಕದ ಸಿಯೆರಾ ಲಿಯೋನ್‌ನಲ್ಲಿ ಆರ್‌ಯುಎಫ್ ಎಂಬ ಬಂಡುಕೋರರು ಹಳ್ಳಿಯವರ ಕೈಗಳನ್ನೇ ಕತ್ತರಿಸುತ್ತಿದ್ದರು. ಅವರು ಕೊಟ್ಟ ವಜ್ರ ಟೇಲರ್‌ಗೆ, ಟೇಲರ್ ಕಡೆಯಿಂದ ಬಂದೂಕು ಅವರಿಗೆ. 2000ದಲ್ಲಿ ಸರ್ಕಾರಿ ಸರ್ಟಿಫಿಕೇಟ್ ಇಲ್ಲದ ಸಿಯೆರಾ ಲಿಯೋನ್ ವಜ್ರವನ್ನು ಯಾರೂ ಕೊಳ್ಳಬಾರದು ಎಂದಾಯಿತು. ಕದ್ದ ವಜ್ರ ಲೈಬೀರಿಯಾದ ಹೆಸರಲ್ಲಿ ಹೊರಗೆ ಹೋಗುತ್ತಿತ್ತಲ್ಲ, ಹಾಗಾಗಿ 2001ರಲ್ಲಿ ಆ ದೇಶದ ವಜ್ರಕ್ಕೂ ತಡೆ, ಅಲ್ಲಿನ ದೊಡ್ಡವರ ಪ್ರಯಾಣಕ್ಕೂ ತಡೆ. ಮರ ಮಾರಿ ದುಡ್ಡು ಬರುತ್ತಿದೆ ಅಂತ 2003ರಲ್ಲಿ ಮರವನ್ನೂ ನಿಲ್ಲಿಸಿದರು. ಟೇಲರ್ ಮತ್ತು ಅವನ ಕುಟುಂಬದ ಆಸ್ತಿ ಫ್ರೀಜ್ ಆಗಿದ್ದು 2004ರಲ್ಲಿ. ಅಷ್ಟರಲ್ಲಿ ಅವನು ಅಧಿಕಾರ ಬಿಟ್ಟು ನೈಜೀರಿಯಾದಲ್ಲಿ ಆರಾಮಾಗಿದ್ದ!

ಜೈಲಿಗೆ ಕಳಿಸಿದ್ದು ಬೇರೆಯದೇ ವ್ಯವಸ್ಥೆ: ಸಿಯೆರಾ ಲಿಯೋನ್‌ಗಾಗಿ ವಿಶ್ವಸಂಸ್ಥೆಯ ಜೊತೆ ಸೇರಿ ಕಟ್ಟಿದ ವಿಶೇಷ ನ್ಯಾಯಾಲಯ. ಪಟ್ಟಿಗೆ ಹೆಸರು ಸೇರಿಸಲು ಭದ್ರತಾ ಮಂಡಳಿಯ ರಾಷ್ಟ್ರಗಳು ಒಪ್ಪಿದರೆ ಸಾಕು. ಅದು ರಾಜಕೀಯ ತೀರ್ಮಾನ. ಕೋರ್ಟಿಗೆ ಸಾಕ್ಷಿ ಬೇಕು, ಪಾಟೀಸವಾಲು ನಡೆಯಬೇಕು, ಒಂದೊಂದು ಆರೋಪವೂ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. 2006ರಲ್ಲಿ ಸಿಕ್ಕಿಬಿದ್ದ ಟೇಲರ್ ಮೇಲಿನ ತೀರ್ಪು ಬಂದಿದ್ದು 2012ರ ಏಪ್ರಿಲ್‌ನಲ್ಲಿ. ಬಂಡುಕೋರರು ಅವನ ಹಿಡಿತದಲ್ಲೇ ಇದ್ದರು ಎಂಬ ವಾದವನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಗೊತ್ತಿದ್ದೂ ನೆರವಾದ, ಕೆಲವು ದಾಳಿಗಳ ಯೋಜನೆಯಲ್ಲಿ ಪಾಲುಗೊಂಡ ಎಂಬುದಷ್ಟೇ ಸಾಬೀತಾಯಿತು. ಅಷ್ಟಕ್ಕೇ 50 ವರ್ಷ ಸೆರೆವಾಸ. ಇಷ್ಟು ಸೂಕ್ಷ್ಮವಾಗಿ ತೂಗಿ ನೋಡುವ ಕೆಲಸ ನಿರ್ಬಂಧದ ಪಟ್ಟಿಯಿಂದ ಆಗದು, ಅದರ ಉದ್ದೇಶವೂ ಅದಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಫ್ರೀಜ್ ಮಾಡಿದ ಹಣ ಜಪ್ತಿಯಾದಂತಲ್ಲ. ಒಡೆತನ ಅವನದೇ, ಮುಟ್ಟುವ ಹಾಗಿಲ್ಲ ಅಷ್ಟೇ. ಪರಿಸ್ಥಿತಿ ಸುಧಾರಿಸಿತು ಅನ್ನಿಸಿದರೆ ಮಂಡಳಿ ಬೀಗ ತೆಗೆಯಬಹುದು. ಲೈಬೀರಿಯಾ ಪಟ್ಟಿಯ ಪ್ರಯಾಣ ನಿಷೇಧವನ್ನೂ ಆಸ್ತಿ ತಡೆಯನ್ನೂ 2015ರಲ್ಲಿ ಹೀಗೇ ರದ್ದು ಮಾಡಿದರು. ಟೇಲರ್ ಆಗಲೂ ಬ್ರಿಟನ್ನಿನ ಜೈಲಿನಲ್ಲೇ ಇದ್ದ.