ಹದಿನಾರು ಗೋಡೆಯ ಕಣ

ಹಂತಿ ಹೂಡಿ ರಾಶಿ ಮಾಡಿದವರಿಗೆ ಇದು ಗೊತ್ತು. ಕಣದಲ್ಲಿ ತೆನೆ ಹರಡಿದ ಮೇಲೆ ಕಣ್ಣು ಎತ್ತಿನ ಮೇಲಿಗಿಂತ ಮೋಡದ ಮೇಲೆಯೇ ಜಾಸ್ತಿ ಇರುತ್ತದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರಿಗೂ ಇದೇ ಚಿಂತೆ ಇತ್ತು.

ವರ್ಜೀನಿಯಾದಲ್ಲಿ, ಪೊಟೊಮ್ಯಾಕ್ ನದಿಯ ದಂಡೆಯ ಮೇಲೆ, ಮೌಂಟ್ ವರ್ನನ್ ಎಂಬ ದೊಡ್ಡ ಜಮೀನು ಅವರದು. 1760ರ ದಶಕದಲ್ಲಿ ಅಲ್ಲಿ ಹೊಗೆಸೊಪ್ಪು ಬಿಟ್ಟು ಗೋಧಿ ಹಿಡಿದರು. ತೆನೆಯನ್ನು ಬಯಲಲ್ಲೇ ಕುದುರೆಗಳಿಂದ ತುಳಿಸುತ್ತಿದ್ದರು. ಕಾಳಿನ ಜೊತೆ ಮಣ್ಣು ಸೇರುತ್ತಿತ್ತು, ಲದ್ದಿ ಸೇರುತ್ತಿತ್ತು. ಮಳೆ ಬಂದರೆ ಎಲ್ಲ ನೆನೆಯುತ್ತಿತ್ತು. ಗೋಧಿಯಲ್ಲಿ ತೇವ ಶೇಕಡಾ 14 ದಾಟಿದರೆ ಬೂಷ್ಟು ಹಿಡಿಯಲು ತಡವಾಗುವುದಿಲ್ಲ.

1792ರಲ್ಲಿ ವಾಷಿಂಗ್ಟನ್ ಒಂದು ಕೊಟ್ಟಿಗೆಯ ನಕ್ಷೆ ಬರೆದರು. ಅದಕ್ಕೆ 16 ಬದಿ. ಕುದುರೆಗೆ ನಿಲ್ಲದೆ ಸುತ್ತು ಹೊಡೆಯಲು ದುಂಡನೆಯ ದಾರಿ ಬೇಕು, ಆದರೆ ಮರದ ತೊಲೆ ಇರುವುದು ನೇರ. ಹದಿನಾರು ನೇರ ಗೋಡೆ ಸೇರಿಸಿದರೆ ಹೆಚ್ಚುಕಡಿಮೆ ದುಂಡಗೇ ಆಗುತ್ತದೆ, ಅಲ್ವಾ? ಕುದುರೆಗಳು ಇಳಿಜಾರು ದಾರಿ ಹತ್ತಿ ಮೇಲಂತಸ್ತಿಗೆ ಬಂದು ತೆನೆಯ ಮೇಲೆ ಓಡುತ್ತಿದ್ದವು. ನೆಲದ ಹಲಗೆಗಳ ನಡುವೆ ಸುಮಾರು ಒಂದೂವರೆ ಇಂಚು ಸಂದು. ಉದ್ದನೆಯ ಹುಲ್ಲು ಅಡ್ಡಬಿದ್ದು ಮೇಲೆಯೇ ಉಳಿಯುತ್ತಿತ್ತು. ಕಾಳು ಸಂದಿನಿಂದ ಕೆಳಗಿನ ಕೋಣೆಗೆ ಉದುರುತ್ತಿತ್ತು. ಒಂದೇ ಸೂರಿನಡಿ ಕಣವೂ ಆಯಿತು, ಕಣಜವೂ ಆಯಿತು. ಇಷ್ಟು ಸರಳವಾದ, ಇಷ್ಟು ಚಂದದ ಉಪಾಯ ನನಗೆ ಬೇರೆ ಕಂಡಿಲ್ಲ.

ನಕ್ಷೆ ವಾಷಿಂಗ್ಟನ್ ಅವರದು. ಕಟ್ಟಿದ ಬಡಗಿಗಳು, ಕುದುರೆ ಓಡಿಸಿದವರು, ಕಾಳು ತೂರಿದವರು ಗುಲಾಮರು. 1799ರಲ್ಲಿ ಆ ಜಮೀನಿನಲ್ಲಿ ಅಂಥವರು 317 ಜನ ಇದ್ದರು.

ಮೀನಿನ ಕೆಲಸವೂ ಅವರದೇ. ವಸಂತದ ಕೆಲವೇ ವಾರ, ಮೊಟ್ಟೆ ಇಡಲು ಹೆರಿಂಗ್ ಮೀನು ಸಮುದ್ರದಿಂದ ಪೊಟೊಮ್ಯಾಕ್‌ಗೆ ಏರಿ ಬರುತ್ತಿತ್ತು. 1772ರಲ್ಲಿ ಹಿಡಿದದ್ದು ಹತ್ತು ಲಕ್ಷಕ್ಕೂ ಹೆಚ್ಚು! ಹಿಡಿದಷ್ಟನ್ನೂ ಕೂಡಲೇ ಸೀಳಿ, ತೊಳೆದು, ಉಪ್ಪು ಹಾಕಿ ಪೀಪಾಯಿಗೆ ತುಂಬಬೇಕು. ಉಪ್ಪು ಮೀನಿನೊಳಗಿನ ನೀರನ್ನು ಹೊರಗೆಳೆದು ತಾನು ಒಳಗೆ ಸೇರುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗೆ ಬದುಕಲು ನೀರು ಸಿಗುವುದಿಲ್ಲ.

ಆದರೆ ಎಲ್ಲ ಉಪ್ಪೂ ಒಂದೇ ಅಲ್ಲ. ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ಬರುತ್ತಿದ್ದ ಉಪ್ಪು ಮೀನಿಗೆ ಆಗುವುದಿಲ್ಲ, ಪೋರ್ಚುಗಲ್‌ನ ಲಿಸ್ಬನ್‌ನದೇ ಬೇಕು ಎಂದು ವಾಷಿಂಗ್ಟನ್ ಬರೆದಿದ್ದರು. ಲಿವರ್‌ಪೂಲ್‌ನದು ಕಾಯಿಸಿ ತೆಗೆದ ಪುಡಿ ಉಪ್ಪು. ಪುಡಿ ಉಪ್ಪು ಬೇಗ ಕರಗಿ ಮೀನಿನ ಮೇಲ್ಪದರದ ನೀರನ್ನೆಲ್ಲ ಒಮ್ಮೆಲೇ ಹೀರುತ್ತದೆ. ಆ ಪದರ ಗಟ್ಟಿಯಾಗಿ ಉಪ್ಪು ಒಳಗೆ ಇಳಿಯುವುದಿಲ್ಲ. ಮೇಲೆ ಚೆನ್ನಾಗಿ ಕಂಡರೂ ಮೂಳೆಯ ಹತ್ತಿರ ಕೊಳೆಯುತ್ತದೆ. ಲಿಸ್ಬನ್‌ನದು ಬಿಸಿಲಲ್ಲಿ ಒಣಗಿದ ಹರಳುಪ್ಪು. ನಿಧಾನವಾಗಿ ಕರಗಿ ಒಳಗಿನವರೆಗೆ ಇಳಿಯುತ್ತದೆ.

ಮಂಜುಗಡ್ಡೆ ಉಳಿಸುವಾಗಲೂ ನೀರೇ ತೊಂದರೆ. 1784ರ ಜೂನ್ ಹೊತ್ತಿಗೇ ವಾಷಿಂಗ್ಟನ್ ಚಳಿಗಾಲದಲ್ಲಿ ಕೂಡಿಟ್ಟದ್ದೆಲ್ಲ ಕರಗಿಹೋಗಿತ್ತು. ಫಿಲಡೆಲ್ಫಿಯಾದ ಗೆಳೆಯ ರಾಬರ್ಟ್ ಮಾರಿಸ್ ಅವರನ್ನು ಕೇಳಿದರು. ಗಡ್ಡೆ ಇಡುವ ಗುಂಡಿಯ ತಳಕ್ಕೆ ಜಲ್ಲಿ ಇರಲಿ, ಕರಗಿದ ನೀರು ಇಂಗಿಹೋಗಲಿ. ಗಡ್ಡೆಯನ್ನು ಕುಟ್ಟಿ ತುಂಬಿದರೆ ಎಲ್ಲ ಸೇರಿ ಒಂದೇ ದಿಮ್ಮಿಯಾಗುತ್ತದೆ ಎಂದು ಅವರು ವಿವರವಾಗಿ ಬರೆದರು. ಬಿಡಿ ತುಂಡುಗಳಿಗೆ ಗಾಳಿ ತಾಕುವ ಮೈ ಜಾಸ್ತಿ, ಒಂದೇ ದಿಮ್ಮಿಗೆ ಕಡಿಮೆ.

ಒಳ್ಳೆಯ ಗೋಧಿ ಮಾರಾಟಕ್ಕೆ ಹೋಗುತ್ತಿತ್ತು. ಗುಲಾಮರ ಪಾಲಿಗೆ ಮೆಕ್ಕೆಜೋಳದ ಹಿಟ್ಟು ಮತ್ತು ಉಪ್ಪು ಮೀನು. ಅವರು ವಾಸವಿದ್ದ ಒಂದು ಮನೆಯ ನೆಲಮಾಳಿಗೆಯನ್ನು ಪುರಾತತ್ವಜ್ಞರು ಅಗೆದಾಗ ಹೆರಿಂಗ್ ಮೂಳೆಗಳು ಸಿಕ್ಕವು. ಅವುಗಳ ಜೊತೆಗೆ ಕಾಡುಪ್ರಾಣಿಗಳ ಮೂಳೆಗಳೂ ಇದ್ದವು.